ಪೆಟ್ಟಿಗೆಯಿಲ್ಲದ ಸ್ಪೀಕರು

ನಮ್ಮಪ್ಪ ಪಾಂಡವಪುರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಮದುವೆ, ನಾಟಕ, ರಾಜಕೀಯದವರ ಸಭೆ, ಎಲ್ಲಕ್ಕೂ ನಮ್ಮ ಹಾರ್ನ್ ಸ್ಪೀಕರುಗಳೇ ಹೋಗುತ್ತಿದ್ದವು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ನಾನೂ ಅಣ್ಣನೂ ವೈರು ಸುತ್ತುತ್ತಲೇ ಬೆಳೆದೆವು. ವೈರು ಸುತ್ತುವವರೆಗೆ ನಮ್ಮಿಬ್ಬರಲ್ಲಿ ಭೇದವಿರಲಿಲ್ಲ. ಬೆಸುಗೆ ಕಲಿಯುವ ವಯಸ್ಸು ಬಂದಾಗ ಅಪ್ಪ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಬಾಗಿಲ ಹತ್ತಿರ ನಿಂತುಕೊಂಡೆ. ನೋಡಬೇಡ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಎಲ್ಲವನ್ನೂ ನೋಡಿದೆ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಅಪ್ಪನೂ ಅಣ್ಣನೂ ಬೆಳಗೊಳದ ಮದುವೆಗೆ ಸೆಟ್ಟು ತೆಗೆದುಕೊಂಡು ಹೋಗಿದ್ದರು. ನಾಟಕದವರ ಆಂಪ್ಲಿಫೈಯರು ಕೆಟ್ಟು ರಿಪೇರಿಗೆ ಬಂದಿತ್ತು. ಮುಚ್ಚಳ ಬಿಚ್ಚಿದೆ. ಒಳಗೆ ಒಂದು ತಂತಿ ಬೆಸುಗೆಯಿಂದ ಕಿತ್ತುಕೊಂಡು ನಿಂತಿತ್ತು. ಅಂಟಿಸಿದೆ, ಮಾತಾಡಿತು. ಸಾಯಂಕಾಲ ನಾಟಕದ ಯಜಮಾನರು ಬಂದು ಪರೀಕ್ಷೆ ಮಾಡಿ, "ಯಾರು ಸರಿ ಮಾಡುದ್ದು ಇದ್ನ? ಪಸಂದಾಗದೆ" ಅಂದರು. ಅಷ್ಟು ಹೊತ್ತಿಗೆ ವಾಪಸು ಬಂದಿದ್ದ ಅಪ್ಪನಿಗೆ ನಾನಾಗಲೇ ಎಲ್ಲ ಹೇಳಿದ್ದೆ. ಅಪ್ಪ, "ನನ್ ಮಗ" ಅಂದರು. ನಾನು ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅಣ್ಣ ನೆಲ ನೋಡಿದ, ತಿದ್ದಲಿಲ್ಲ.

ಆಮೇಲೆ ನಾನು ಫಿಸಿಕ್ಸ್ ಓದಿದೆ. ಹಟಕ್ಕೇ ಓದಿದೆ ಅಂದರೂ ತಪ್ಪಲ್ಲ. ಕೆ.ಆರ್. ಪೇಟೆಯಲ್ಲಿ ಪಿಯು ಕಾಲೇಜಿನ ಉಪನ್ಯಾಸಕಿಯಾದೆ, ಅಲ್ಲೇ ಬಾಡಿಗೆ ಮನೆ ಮಾಡಿದೆ. ಮದುವೆಯಾಗಲಿಲ್ಲ. ಅದರ ಬಗ್ಗೆ ಜನ ಕೇಳುವಷ್ಟು ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ. ಅಂಗಡಿ ಅಣ್ಣನದಾಯಿತು. ಹಾರ್ನುಗಳು ಹೋಗಿ ಆಳೆತ್ತರದ ಕರಿ ಪೆಟ್ಟಿಗೆಗಳು ಬಂದವು.

ಕೆಲವು ವರ್ಷಗಳ ಹಿಂದೆ ಚುನಾವಣೆ ಕೆಲಸದ ತರಬೇತಿಗೆಂದು ನಾಗಮಂಗಲಕ್ಕೆ ಹೋಗಿದ್ದೆ. ವಾಪಸು ಬಸ್ಸಿಗೆ ಕಾಯುತ್ತಿದ್ದಾಗ ಸ್ಟ್ಯಾಂಡಿನ ಹತ್ತಿರ ಒಬ್ಬ ಮುದುಕರು ತಮ್ಮ ರೇಡಿಯೋ ರಿಪೇರಿ ಅಂಗಡಿ ಖಾಲಿ ಮಾಡುತ್ತಿದ್ದರು. ಗುಜರಿಗೆ ಹೋಗುವ ರಾಶಿಯಲ್ಲಿ ಎಂಟಿಂಚಿನ ಎರಡು ಸ್ಪೀಕರುಗಳು ಕಂಡವು. ತೆಳುವಾದ ಕಾಗದದ ಕೋನು, ಹಳೆಯ ವಾಲ್ವ್ ರೇಡಿಯೋದವು. ಎತ್ತಿಕೊಂಡು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದೆ. ಒಳಗಿನ ಸುರುಳಿ ಎಲ್ಲೂ ಉಜ್ಜಲಿಲ್ಲ, ಚೆನ್ನಾಗಿಯೇ ಇದ್ದವು.

"ಏನ್ ಮಾಡೀರವ್ವ ಇವ್ನ?" ಅಂತ ಕೇಳಿದರು.

"ಪೆಟ್ಟಿಗೆ ಮಾಡಿಸಿ ಹಾಡು ಕೇಳ್ತೀನಿ."

"ಪೆಟ್ಟಿಗೆಗೆ ಆಕ್ಬ್ಯಾಡಿ. ಉಸ್ರು ಕಟ್ಟೋಯ್ತದೆ ಇವುಕ್ಕೆ. ರೇಡಿಯೋ ಇಂದ್ಗಡೆ ಏನಿರ್ತಿತ್ತು ಏಳಿ? ತೂತು ಬಿದ್ದಿರೋ ರಟ್ಟು. ಅಷ್ಟೆಯ. ಹಲಗೆಗೆ ಬಿಗುದು ಬುಟ್ಬುಡಿ."

ಎರಡನ್ನೂ ಬ್ಯಾಗಿನಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮನೆಗೆ ಬಂದು ಹುಡುಕಿದರೆ, ಹಾಗೆ ಬರೀ ಹಲಗೆಗೆ ಬಿಗಿದ ಸ್ಪೀಕರಿಗೆ ಓಪನ್ ಬ್ಯಾಫಲ್ ಎಂದು ಹೆಸರಿದೆ, ಪ್ರಪಂಚದಲ್ಲಿ ಅದಕ್ಕಾಗಿ ಹುಚ್ಚು ಹಿಡಿಸಿಕೊಂಡವರಿದ್ದಾರೆ ಎಂದು ಗೊತ್ತಾಯಿತು.

ಆ ಭಾನುವಾರ ಪಾಂಡವಪುರಕ್ಕೆ ಹೋದಾಗ ಅಣ್ಣನಿಗೆ ಹೇಳಿದೆ. ಅವನು ಅಂಗಡಿಯಲ್ಲಿ ಕೂತಿದ್ದ ಇಬ್ಬರಿಗೂ ಕೇಳಿಸುವ ಹಾಗೆ ನಕ್ಕ.

"ಪೆಟ್ಟಿಗೆ ಇಲ್ದೆ ಬೇಸು ಎಲ್ಲಿಂದ ಬಂದದು? ಇಂದಿನ ಸೌಂಡು ಮುಂದಿನ ಸೌಂಡ್ನ ತಿಂದಾಕ್ಬುಡ್ತದೆ ಕಣಮ್ಮಿ. ಮೂವತ್ತೊರ್ಸದಿಂದ ಇದ್ರಲ್ಲೇ ಇವ್ನಿ ನಾನು."

"ಅದನ್ನ ನಾನು ಪಾಠ ಮಾಡ್ತೀನಿ ಅಣ್ಣ."

"ಪಾಠ ಬ್ಯಾರೆ, ಸೌಂಡು ಬ್ಯಾರೆ. ನಮ್ಮಂಗ್ಡೀಲಿ ಪೆಟ್ಗೆ ಬಿದ್ದವೆ. ಎರಡು ತಕಂಡೋಗು, ಸುಮ್ನಿರು."

ಅವನು ಹೇಳಿದ್ದು ನಿಜವೇ. ಕೋನು ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ಎರಡೂ ಹಲಗೆಯ ಅಂಚು ಬಳಸಿ ಬಂದು ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಚೂಪು ಸ್ವರದ ಅಲೆ ಗಿಡ್ಡ, ಅದಕ್ಕೆ ಚಿಕ್ಕ ಹಲಗೆ ಸಾಕು. ತಗ್ಗಿನ ಸ್ವರದ ಅಲೆ ಮೂರು ಮೀಟರು, ನಾಲ್ಕು ಮೀಟರು ಉದ್ದ. ಅದನ್ನು ತಡೆಯಬೇಕಾದರೆ ಗೋಡೆಯಷ್ಟು ಹಲಗೆ ಬೇಕು. ಇದು ಗೊತ್ತಿದ್ದೇ ಹೊರಟಿದ್ದೆ. ಅವನು ನಕ್ಕಿದ್ದಕ್ಕೆ ಹಿಂದೆ ಸರಿಯುವುದು ಮಾತ್ರ ಸಾಧ್ಯವಿರಲಿಲ್ಲ.

ಒಂದು ವಾರ ಗ್ರಾಫ್ ಹಾಳೆಯ ಮೇಲೆ ಬರೆದೆ, ಅಳಿಸಿದೆ. ಕೊನೆಗೆ ಎರಡಡಿ ಅಗಲ, ನಾಲ್ಕಡಿ ಎತ್ತರ ಎಂದು ನಿಂತಿತು. ನನ್ನ ಮನೆಯ ಹಾಲಿನಲ್ಲಿ ಅದಕ್ಕಿಂತ ದೊಡ್ಡದಿಟ್ಟರೆ ನಾನು ಓಡಾಡುವ ಹಾಗಿರಲಿಲ್ಲ. ಸ್ಪೀಕರು ಕೂರುವ ತೂತನ್ನು ನಡುವಿನಿಂದ ಪಕ್ಕಕ್ಕೆ ಸರಿಸಿದೆ. ಎಲ್ಲ ಅಂಚುಗಳೂ ಒಂದೇ ದೂರದಲ್ಲಿದ್ದರೆ ಒಂದೇ ಸ್ವರಕ್ಕೆ ಎಲ್ಲ ಕಡೆಯಿಂದಲೂ ಏಟು ಬೀಳುತ್ತದೆ. ದೂರ ಬೇರೆ ಬೇರೆಯಾದರೆ ಆ ಏಟು ಹಂಚಿಹೋಗುತ್ತದೆ.

ಹೊಸಹೊಳಲಿನಲ್ಲಿ ಒಬ್ಬರು ಬಡಗಿ ಇದ್ದಾರೆ, ನಮ್ಮ ಕಾಲೇಜಿನ ಬೆಂಚುಗಳನ್ನು ಮಾಡಿದವರು. ಒಳ್ಳೆ ದಪ್ಪದ ಪ್ಲೈವುಡ್ಡು ಕೊಯ್ಯಿಸಿ ನನ್ನ ನಕ್ಷೆಯನ್ನು ಅವರ ಮುಂದೆ ಹರಡಿದೆ. ಬಹಳ ಹೊತ್ತು ನೋಡಿದರು.

"ತೂತು ನಡುಮಧ್ಯಕ್ಕೆ ಬರ್ಬೇಕಲ್ವ ಮೇಡಮ್ಮೋರೆ?"

"ಇಲ್ಲ ಆಚಾರ್ರೆ, ಬರೆದಿರೋ ಕಡೆಗೇ ಬರಬೇಕು."

"ನೋಡ್ದೋರು ಆಚಾರಿಗೆ ಅಳತೆ ಬರಾಕಿಲ್ಲ ಅಂತಾರೆ. ನಂಗೆ ಕೆಟ್ಟೆಸ್ರು."

"ನನ್ನ ಹೆಸರು ಹೇಳಿ."

"ಅಂಗಾದ್ರೆ ನೀವೇ ಕೊಯ್ಕಳಿ" ಅಂತ ಮಿಷನ್ನನ್ನು ನನ್ನ ಕಡೆ ನೂಕಿದರು. ನಾನು ಬೇಡ ಎನ್ನುತ್ತೇನೆ ಅಂದುಕೊಂಡಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಮೊದಲನೇ ತೂತು ಅಂಕುಡೊಂಕಾಯಿತು. ಒಂದು ಕಡೆ ಗೆರೆ ದಾಟಿತು. ಎರಡನೆಯದು ಗೆರೆಯ ಮೇಲೇ ಬಂತು. ಆಚಾರ್ರು ಒಂದು ಉಜ್ಜುಕಾಗದ ತಂದುಕೊಟ್ಟರು. ಅಂಚು ಹೇಗೆ ಉಜ್ಜಬೇಕೆಂದು ತೋರಿಸಿಯೂ ಕೊಟ್ಟರು. ಹಲಗೆ ಮುಂದಕ್ಕೆ ಬೀಳದ ಹಾಗೆ ಕೆಳಗೆ ಕಾಲು ಕೊಟ್ಟಿದ್ದು ಅವರದೇ ಉಪಾಯ.

ಮನೆಗೆ ತಂದು, ಗೋಡೆಗೆ ಒತ್ತಿ ನಿಲ್ಲಿಸಿ, ಸ್ಪೀಕರು ಬಿಗಿದು, ಒಂದು ಕಛೇರಿಯ ರೆಕಾರ್ಡಿಂಗು ಹಾಕಿದೆ. ಹಾಡುವವರ ದನಿ ಹಲಗೆಯಿಂದ ಬರುತ್ತಿದೆ ಅನ್ನಿಸಲಿಲ್ಲ, ಹಾಲಿನಲ್ಲೇ ಯಾರೋ ಕೂತು ಹಾಡಿದ ಹಾಗಿತ್ತು. ಉಸಿರು ತೆಗೆದುಕೊಂಡದ್ದೂ ಕೇಳಿತು. ಆದರೆ ಮೃದಂಗದ ಎಡಗೈಯ ಗುಮ್ಮೆನ್ನುವ ನಾದ ಇರಲೇ ಇಲ್ಲ. ಬಲಗೈ ಒಂದೇ ಟಣಟಣ ಅನ್ನುತ್ತಿತ್ತು.

ಅದೇ ವಾರ ಅಣ್ಣ ಕೆ.ಆರ್. ಪೇಟೆಯ ಒಂದು ಕಾರ್ಯಕ್ರಮಕ್ಕೆ ಬಂದವನು ನನ್ನ ಮನೆಗೂ ಬಂದ, ಗಾಡಿಯಿಂದ ಒಂದು ಪೆಟ್ಟಿಗೆ ಇಳಿಸಿಕೊಂಡೇ ಬಂದ. ನನ್ನ ಹಲಗೆಯ ಪಕ್ಕದಲ್ಲಿಟ್ಟು ಅದೇ ಹಾಡು ಹಾಕಿದ. ಸ್ಟ್ಯಾಂಡಿನಲ್ಲಿದ್ದ ಸ್ಟೀಲು ತಟ್ಟೆಗಳು ಗಡಗಡ ಅಂದವು.

"ಇದು ಕಣಮ್ಮಿ ಸೌಂಡು" ಅಂದ.

ಅವನು ಹೋದ ಮೇಲೆ ತಟ್ಟೆಗಳನ್ನು ಸರಿಯಾಗಿ ಜೋಡಿಸಿದೆ. ಸೋತೆ ಅನ್ನುವ ಸಂಕಟಕ್ಕಿಂತ, ನನ್ನ ಮನೆಯ ತಟ್ಟೆ ಅಲ್ಲಾಡಿಸಿ ಗೆದ್ದೆ ಅಂದುಕೊಂಡನಲ್ಲ ಎನ್ನುವ ಸಿಟ್ಟೇ ಹೆಚ್ಚಾಗಿತ್ತು. ಅವನು ಹಾಕಿದ ಹಾಡಿನಲ್ಲಿ ಮೃದಂಗದ ಎಡಗೈ ಇತ್ತು ನಿಜ. ಆದರೆ ಅವನ ಪೆಟ್ಟಿಗೆಯಲ್ಲಿ ಹಾಡುವವರು ಎಲ್ಲೋ ಹಂಡೆಯೊಳಗೆ ಕೂತಿದ್ದರು. ಅದನ್ನು ಅವನು ಕೇಳಿಸಿಕೊಳ್ಳಲಿಲ್ಲ.

ದಸರಾ ರಜೆ ಪೂರ್ತಿ ಅದಕ್ಕೇ ಕೊಟ್ಟೆ. ಮೊದಲು ಹಲಗೆಗಳನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ಎಳೆದೆ. ಹಿಂದಿನ ಸದ್ದು ಗೋಡೆಗೆ ಬಡಿದು ತಕ್ಷಣ ವಾಪಸು ಬರುತ್ತಿದ್ದರಿಂದ ಆಗುತ್ತಿದ್ದ ಗೊಂದಲ ತಿಳಿಯಾಯಿತು. ಹೊಸಹೊಳಲಿಗೆ ಮತ್ತೆ ಹೋಗಿ ಪ್ರತಿ ಹಲಗೆಯ ಎರಡೂ ಅಂಚಿಗೆ ಒಂದೊಂದು ಅಡಿಯ ರೆಕ್ಕೆ ಮಾಡಿಸಿದೆ, ಕಿಟಕಿ ಬಾಗಿಲಿನ ಹಾಗೆ ಹಿಂದಕ್ಕೆ ಮಡಚುವಂಥದ್ದು. ಹಿಂದಿನ ಸದ್ದು ಮುಂದಕ್ಕೆ ಬರಲು ಈಗ ಇನ್ನಷ್ಟು ದೂರ ನಡೆಯಬೇಕು. ಈ ಸಲ ಆಚಾರ್ರು ನಕ್ಷೆ ಪ್ರಶ್ನೆ ಮಾಡಲಿಲ್ಲ. "ಕೀಲು ಇತ್ತಾಳೇದಾಕ್ಲಾ?" ಅಂತ ಮಾತ್ರ ಕೇಳಿದರು.

ಕೊನೆಯದು ತಂತಿ ಸುರುಳಿ. ಅದು ಮೇಲಿನ ಸ್ವರಗಳನ್ನು ಕೊಂಚ ತಗ್ಗಿಸಿದರೆ ಕೆಳಗಿನವು ಅವುಗಳ ಸಮಕ್ಕೆ ಬರುತ್ತವೆ. ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುವವರ ಹತ್ತಿರ ತಾಮ್ರದ ತಂತಿ ತಂದು, ಪಿವಿಸಿ ಪೈಪಿನ ತುಂಡಿಗೆ ನಾನೇ ಸುತ್ತಿದೆ. ಸುತ್ತಿದೆ, ಕೇಳಿದೆ, ಒಂದಿಷ್ಟು ಬಿಚ್ಚಿದೆ, ಮತ್ತೆ ಕೇಳಿದೆ. ಐದನೇ ದಿನ ಬೆಳಿಗ್ಗೆ ಮೃದಂಗದ ಎಡಗೈ ಬಂತು. ತಟ್ಟೆ ಅಲ್ಲಾಡಲಿಲ್ಲ. ಚರ್ಮದ ಮೇಲೆ ಅಂಗೈ ಬಿದ್ದ ಸದ್ದು, ಅದರ ಹಿಂದೆ ಗುಮ್ಮನೆ ಎದ್ದ ನಾದ, ಎರಡೂ ಬೇರೆ ಬೇರೆಯಾಗಿ ಕೇಳಿದವು. ನಾನು ಒಬ್ಬಳೇ ನೆಲದ ಮೇಲೆ ಕೂತು ಇಡೀ ಕಛೇರಿ ಮುಗಿಯುವವರೆಗೆ ಎದ್ದೇಳಲಿಲ್ಲ.

ಕಣ್ಣಿನ ಡಾಕ್ಟರಿಗೆ ತೋರಿಸಲು ಅಪ್ಪ ಬಂದು ಎರಡು ದಿನ ಇದ್ದರು. ಹಾರ್ನಿನ ಪಕ್ಕದಲ್ಲೇ ಜೀವನ ಕಳೆದು ಅವರ ಬಲಗಿವಿ ಹೋಗಿದೆ. ಎಡಗಿವಿಯನ್ನು ಹಲಗೆಗೆ ಕೊಟ್ಟು ಕೂತರು. ಎದ್ದು ಹಿಂದಕ್ಕೆ ಹೋಗಿ ಬಗ್ಗಿ ನೋಡಿದರು. ಬೆಸುಗೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು.

"ಚೆಂದಾಗ್ ಮಾಡಿದ್ದೀಯ ಕಣವ್ವ" ಅಂದರು.

ಆಗ ಕೇಳಿಬಿಟ್ಟೆ. "ನಾಟಕದವರ ಆಂಪ್ಲಿಫೈಯರು ಸರಿ ಮಾಡಿದ್ದು ನಾನು. ಅಣ್ಣ ಅಂತ ಯಾಕೆ ಹೇಳಿದ್ರಿ ಅಪ್ಪಾ?"

ಮರೆತಿರುತ್ತಾರೆ ಅಂದುಕೊಂಡಿದ್ದೆ. ಮರೆತಿರಲಿಲ್ಲ. "ಎಣ್ಣೈಕ್ಳು ಬಿಚ್ಚವ್ರೆ ಅಂದ್ರೆ ಅವ್ರು ಇನ್ನೊಂದ್ಸಲ ತರ್ತಿರ್ನಿಲ್ಲ. ಅಂಗ್ಡಿ ನಡೀಬೇಕಾಗಿತ್ತು."

"ಅವರು ಹೋದ ಮೇಲಾದ್ರೂ ನನಗೆ ಒಂದು ಮಾತು ಹೇಳಬಹುದಿತ್ತು."

ಅಪ್ಪ ಬೆಸುಗೆಯ ಮೇಲಿಂದ ಬೆರಳು ತೆಗೆದರು. "ಏಳ್ಬೇಕಾಗಿತ್ತು" ಅಂದರು. ನಾನು ಪರವಾಗಿಲ್ಲ ಬಿಡಿ ಅನ್ನಲಿಲ್ಲ. ನೋವಾಗಿತ್ತು. ಊಟಕ್ಕೆ ಬಡಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಅಣ್ಣನ ಫೋನು ಬಂತು. ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಚಿಕ್ಕ ಕಲ್ಲಿನ ಹಾಲಿನಲ್ಲಿ ಹರಿಕಥೆ ಒಪ್ಪಿಕೊಂಡಿದ್ದ. ಹಿಂದಿನ ಸಲ ಅಲ್ಲಿ ಅವನ ಪೆಟ್ಟಿಗೆಗಳು ಗೊಂಯ್ ಅಂದು ಒಂದು ಮಾತೂ ತಿಳಿಯದೆ, ಮೈಕು ಕುಯ್ಯೋ ಅಂತ ಕೂಗಿ, ದಾಸರು ಸಿಟ್ಟು ಮಾಡಿಕೊಂಡು ಮೈಕು ತೆಗೆಸಿದ್ದರಂತೆ.

"ನಿನ್ ಹಲಗೆ ಕೊಡ್ತೀಯಾ ಒಂದಿನಕ್ಕೆ?"

"ಕೊಡ್ತೀನಿ. ಇಡೋದು ನಾನು, ಸೌಂಡ್ ಮಿಕ್ಸರ್ ಮುಂದೆ ಕೂರೋದೂ ನಾನು."

"ಆಯ್ತು ಬಾ" ಅಂದ.

ಪೆಟ್ಟಿಗೆ ಮಾಡಲಾಗದ ಒಂದು ಕೆಲಸ ಹಲಗೆಗೆ ಬರುತ್ತದೆ. ಹಿಂದಿನ ಸದ್ದೂ ಮುಂದಿನ ಸದ್ದೂ ಹಲಗೆಯ ಪಕ್ಕದಲ್ಲಿ ಸರಿಸಮವಾಗಿ ಸೇರಿ ಅಳಿಸಿಹೋಗುವುದರಿಂದ, ಅಂಚಿಗೆ ಸರಿಯಾಗಿ ನಿಂತರೆ ಸದ್ದು ಬಹಳ ಕಡಿಮೆ. ಅಣ್ಣ ಕೊರತೆ ಎಂದು ನಕ್ಕಿದ್ದು ಅದೇ. ನಾನು ಎರಡು ಹಲಗೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ದಾಸರನ್ನು ಆ ಸಾಲಿನ ನಡುವೆ ನಿಲ್ಲಿಸಿದೆ. ಮೈಕಿಗೆ ಸ್ಪೀಕರಿನ ಸದ್ದು ಹೋಗುವುದೇ ಕಡಿಮೆಯಾದರೆ ಕೂಗುವುದೆಲ್ಲಿಂದ? ಪಕ್ಕದ ಕಲ್ಲುಗೋಡೆಗಳಿಗೂ ಅಷ್ಟಾಗಿ ಬಡಿಯುವುದಿಲ್ಲ.

ಏರ್ಪಾಡು ಮಾಡಿದ್ದ ಹಿರಿಯರು ಬಂದು ಹಲಗೆಗಳ ಹಿಂದೆ ಮುಂದೆ ನೋಡಿದರು. "ಇದೇನಪ್ಪಾ, ಸ್ಪೀಕರ್ ತಾ ಅಂದ್ರೆ ಕಿಟಕಿ ತಂದು ನಿಲ್ಲಿಸಿದ್ದೀಯಾ?" ಅಂತ ಅಣ್ಣನನ್ನು ಕೇಳಿದರು.

ಅಣ್ಣ ಬಾಯಿ ತೆರೆಯುವುದಕ್ಕೆ ಮೊದಲೇ ನಾನು ಹೇಳಿದೆ. "ಸ್ಪೀಕರೇ ಸಾರ್. ನಾನು ಮಾಡಿದ್ದು. ಕೂತ್ಕೊಳ್ಳಿ, ಕೇಳುತ್ತೆ."

ಮಧ್ಯಾಹ್ನ ಮೂರಕ್ಕೆ ಹರಿಕಥೆ ಶುರುವಾಯಿತು. ಹಾಲಿನಲ್ಲಿ ಎಪ್ಪತ್ತು ಎಂಬತ್ತು ಜನ. ದಾಸರು ಮೊದಲ ಮಾತು ಆಡಿ, ಅನುಮಾನದಿಂದ ಮೈಕು ನೋಡಿದರು. ಅದು ಕೂಗಲಿಲ್ಲ. ಇನ್ನೊಂದು ಮಾತು ಆಡಿದರು. ಆಮೇಲೆ ಮೈಕನ್ನು ಮರೆತರು. ಕೊನೆಯ ಸಾಲಿನ ಅಜ್ಜಿಯರು ನಗಬೇಕಾದ ಕಡೆ ನಕ್ಕರು. ಮಾತು ತಿಳಿಯದಿದ್ದರೆ ನಗುತ್ತಿರಲಿಲ್ಲ. ಎರಡು ಗಂಟೆಯೂ ನಾನು ಮಿಕ್ಸರಿನ ಮೇಲಿಂದ ಕೈ ತೆಗೆಯಲಿಲ್ಲ. ಅಣ್ಣ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ.

ಹಲಗೆಗಳನ್ನು ಗಾಡಿಗೆ ಏರಿಸಿದ ಮೇಲೆ ಇಬ್ಬರೂ ಟೀ ಕುಡಿದೆವು.

"ಇಂತವು ಇನ್ನೆರಡ್ ಜೊತೆ ಮಾಡ್ಕೊಡು" ಅಂದ. "ಚಿಕ್ಕ ಹಾಲುಗಳಿಗೆ ಬಾಡ್ಗೆಗೆ ಬುಡುಮ. ಒಂದ್ ಮಾತು, ಇಂದ್ಗಡೆ ತೆಳ್ಳುಗೆ ಒಂದು ಹಲಗೆ ಒಡ್ಸು. ಗಾಡೀಲಿ ಏರ್ಸಿ ಇಳ್ಸಾಗ ಕೋನು ಅರ್ದೋಯ್ತದೆ. ನೋಡೋಕೂ ಸ್ಪೀಕರ್ ಅಂಗ್ ಕಾಣ್ತದೆ."

"ಬಟ್ಟೆ ಹೊದಿಸಿ ಕೊಡ್ತೀನಿ. ಹಲಗೆ ಹೊಡೆಯಲ್ಲ."

"ಅದೇನ್ ಹಟನೋ ನಿಂದು."

"ಹಟ ಅಲ್ಲ. ಹಿಂದೆ ಮುಚ್ಚಿದ್ರೆ ಅದು ನಿನ್ನ ಪೆಟ್ಟಿಗೆ ಆಗುತ್ತೆ."

ಅವನು ಲೋಟ ಕೆಳಗಿಟ್ಟು, ಗಾಡಿಯಲ್ಲಿದ್ದ ಹಲಗೆಗಳ ಮಧ್ಯೆ ಒಂದು ಗೋಣಿಚೀಲ ಮಡಚಿ ತುರುಕಿದ. ಎಳೆದು ನೋಡಿದ, ಅಲ್ಲಾಡುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ. "ಯಾವ್ ಬಟ್ಟೆ ಬೇಕು ಏಳು, ನಾನೇ ತತ್ತೀನಿ" ಅಂದ. ಸದ್ದು ಹಾಯುವ ಹಾಗೆ ಸಡಿಲವಾಗಿ ನೇಯ್ದದ್ದು ಬೇಕು, ಬಣ್ಣ ಯಾವುದಾದರೂ ಆದೀತು, ನಿನ್ನ ಪೆಟ್ಟಿಗೆಗಳ ಕರಿ ಮಾತ್ರ ಬೇಡ ಅಂದೆ.