ದೊಡ್ಡಮ್ಮನ ಹನ್ನೊಂದು ಸೆಕೆಂಡು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಆ ವಾರವಂತೂ ಸಾಗರದ ಮನೆಯಲ್ಲಿ ಕಂಪ್ಯೂಟರಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಂಪ್ಯೂಟರಿಗೆ ಓಡಾಡಿದ್ದೇ ಬಂತು. ಪರದೆಯ ಮೇಲೆ ಒಂದೇ ಸಾಲು: ಹುಡುಕುತ್ತಿದೆ.

ಹುಡುಕುತ್ತಿದ್ದದ್ದು ತೀರಿಕೊಂಡ ದೊಡ್ಡಮ್ಮ ಹೇಳಿದ್ದ ಮದುವೆ ಹಾಡಿನ ಮೂಲ ರೆಕಾರ್ಡಿಂಗು. ಹಾಡೇನೋ ಇದೆ, ಮೊದಲಿನ ಹನ್ನೊಂದು ಸೆಕೆಂಡು ಇಲ್ಲ. ಅಲ್ಲಿ ದೊಡ್ಡಮ್ಮ ಕೆಮ್ಮಿ, ಮಗಳಿಗೆ ಏನೋ ಗದರಿದ್ದಳು. ಕಸ ಎಂದು ನಾನೇ ಕತ್ತರಿಸಿ ಹಾಕಿದ್ದೆ. ಈಗ ಆ ಮಗಳು, ನನ್ನ ತಂಗಿ, ಫೋನು ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಾಳೆ.

“ಅಣ್ಣಾ, ಹಾಡು ಎಲ್ಲರಿಗೂ ಹೇಳಿದ್ದು. ಬೈದಿದ್ದು ಎಂಗೆ ಒಬ್ಳಿಗೇ. ಅದು ಬೇಕು.”

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಾಡಿನ ಹುಚ್ಚಿನವರು ಒಂದಿಪ್ಪತ್ತು ಜನ ಕಂಪ್ಯೂಟರುಗಳನ್ನು ಜೋಡಿಸಿಕೊಂಡಿದ್ದೆವು. ನಡುವೆ ಸರ್ವರ್ ಎಂಬ ಯಜಮಾನನಿಲ್ಲ. ಯಾವ ಹಾಡು ಯಾರಲ್ಲಿದೆ ಎಂಬ ಪಟ್ಟಿಯನ್ನೇ ಚೂರು ಮಾಡಿ ಎಲ್ಲರಲ್ಲೂ ಹಂಚಿಡುವುದು. ಅದಕ್ಕೆ ಡಿಸ್ಟ್ರಿಬ್ಯೂಟೆಡ್ ಹ್ಯಾಶ್ ಟೇಬಲ್ ಎನ್ನುತ್ತಾರೆ. ಕರೆಂಟು ಹೋಗಿ ನಾಲ್ಕು ಕಂಪ್ಯೂಟರು ಮಲಗಿದರೂ ಪಟ್ಟಿ ಉಳಿಯುತ್ತದೆ ಎಂದು ಊರೆಲ್ಲ ಕೊಚ್ಚಿಕೊಂಡವನು ನಾನೇ.

ಬಾಯಿ ಬಿಡದೆ ಇದ್ದ ಸಂಗತಿಗಳೂ ಇದ್ದವು. ಪ್ರತಿ ಫೈಲಿಗೂ ಅದರ ಒಳಗಿನದರಿಂದಲೇ ಲೆಕ್ಕ ಹಾಕಿದ ಉದ್ದನೆಯ ಕೀಲಿಸಂಖ್ಯೆ. ಒಂದು ಕೆಮ್ಮು ತೆಗೆದರೂ ಸಂಖ್ಯೆ ಪೂರಾ ಬೇರೆ. ‘ಅದೇ ಹಾಡು, ಸ್ವಲ್ಪ ಉದ್ದದ್ದು’ ಎಂದರೆ ಪಟ್ಟಿಗೆ ತಿಳಿಯದು. ಕತ್ತರಿಸುವ ಮೊದಲು ಎಲ್ಲರಿಗೂ ಹಂಚಿದ್ದ ಫೈಲಿನ ಹಳೆಯ ಸಂಖ್ಯೆ ಪುಣ್ಯಕ್ಕೆ ಡೈರಿಯಲ್ಲಿತ್ತು. ಹಾಕಿದೆ. ಯಾರಲ್ಲೂ ಇಲ್ಲ ಎಂದಿತು. ನಿಜಕ್ಕೂ ಇಲ್ಲವೋ, ಇರುವವರ ಕಂಪ್ಯೂಟರು ಆರಿದೆಯೋ, ಅದನ್ನು ಹೇಳದು. ಆರಿಸಿ ಹೋದವರನ್ನು ಅದು ಬೇಗ ಮರೆಯುತ್ತದೆ. ಆರಿಸಿಟ್ಟಿದ್ದ ತೀರ್ಥಹಳ್ಳಿಯವರಿಗೆಲ್ಲ ಫೋನು ಮಾಡಿ, ಕಾಡಿ ಬೇಡಿ ಕಂಪ್ಯೂಟರು ಹಾಕಿಸಿದೆ. ಊಹೂಂ.

ಉಳಿದವರು ಹೊಸನಗರದ ಮೇಷ್ಟ್ರೊಬ್ಬರೇ. ಅವರ ಕಂಪ್ಯೂಟರು ತಿಂಗಳಿಂದ ಬಂದ್ ಆಗಿತ್ತು. ಬಸ್ಸು ಹತ್ತಿದೆ. ಕೈ ತೋರಿದಲ್ಲೆಲ್ಲ ನಿಲ್ಲಿಸುತ್ತಿದ್ದ ಡ್ರೈವರನ ಮೇಲೆ ಮೈಯೆಲ್ಲ ಉರಿಯಿತು.

ಮೇಷ್ಟ್ರು ಕಂಪ್ಯೂಟರು ಹಾಕಿ, ಕನ್ನಡಕ ಏರಿಸಿ, ನಿಧಾನಕ್ಕೆ ನೋಡಿದರು.

“ಹಳೇದು ಇಲ್ಲ ಮಾರಾಯ್ರೆ. ಕೆಮ್ಮಿರೋದು ಅಳಿಸಿ, ಚೊಕ್ಕ ಮಾಡಿದ್ದು ಇಟ್ಕೊಳ್ಳಿ ಅಂತ ನೀವೇ ಎಲ್ರಿಗೂ ಮೆಸೇಜ್ ಹಾಕಿದ್ರಲ್ಲ. ಒಂದಲ್ಲ, ಮೂರು ಸಲ.”

ಹಾಕಿದ್ದೆ. ನನಗೆ ತಡೆಯುವುದು ಗೊತ್ತಿಲ್ಲ.

ಬಸ್‌ಸ್ಟ್ಯಾಂಡಿನಿಂದ ತಂಗಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಅವಳು ಬೈಯಲಿಲ್ಲ. ಇಷ್ಟೇ ಕೇಳಿದಳು, “ಅಮ್ಮ ಎಂತ ಬೈದಿತ್ತು, ಅದಾದ್ರೂ ನೆನಪಿದ್ದಾ ಅಣ್ಣಾ?”

ಕತ್ತರಿಸುವಾಗ ಹತ್ತು ಸಲವಾದರೂ ಕೇಳಿದ್ದೆ. ಮಾತು ಎಲ್ಲಿ ಮುಗಿಯುತ್ತದೆ ಎಂಬುದನ್ನಷ್ಟೇ ಕೇಳಿದ್ದೆ.