ನರಸಮ್ಮನ ಕೈಗೆ ಕೊಟ್ಟ ಪೇಪರ್ ಕಪ್ಪು

ಸುಳ್ಳು ಸುದ್ದಿ ಇರ್ಬೇಕು ಅಂದ್ಕೊಂಡೆ...
ನಮ್ಮ ರೋಡ್ ಗುಡಿಸ್ತಿದ್ದ ನರಸಮ್ಮ ಬೆಳಗ್ಗೆ ಹೋಗಿಬಿಟ್ಲಂತೆ.
ಮೊನ್ನೆ ತಾನೇ ಗೇಟ್ ಹತ್ರ ನಿಂತು ನನ್ನ ಬೈದಿದ್ಲು!
ಹಸಿ ಕಸದಲ್ಲಿ ಹಾಲಿನ ಕವರ್ ಹಾಕಿದ್ದೀರ ಅಂತ...

ಈ ಗ್ರೂಪಲ್ಲಿ ಲೇಔಟ್‌ನೋರೆಲ್ಲ ಅವಳ ಫೋಟೋ ಹಾಕ್ತಿದ್ದೀರ.
ನಾನು ನಿಜ ಹೇಳ್ತೀನಿ.
ನನಗೆ ಅವಳನ್ನ ಕಂಡ್ರೆ ಹೊಟ್ಟೆಕಿಚ್ಚು.

ಕೆಂಗೇರಿಯಿಂದ ಮೆಟ್ರೋದಲ್ಲಿ ಕುಂಡ ಹೊತ್ತು ತಂದು ಟೆರೇಸ್ ತುಂಬಿಸಿದೋಳು ನಾನು.
ಮೊಮ್ಮಗಳು ಸ್ಕೂಲಲ್ಲಿ ಪರಿಸರದ ಪ್ರಾಜೆಕ್ಟ್ ಬರ್ದಿದ್ದು ಮಾತ್ರ ನರಸಮ್ಮನ ಮೇಲೆ!
"ನನ್ನ ಬಗ್ಗೆ ಬರೀಬಾರ್ದಿತ್ತೇನೇ?" ಅಂದ್ರೆ...
"ಅಜ್ಜಿ, ನಿಮ್ಮದು ಹಾಬಿ" ಅಂದ್ಲು.

ಕೆರೆ ಕ್ಲೀನ್ ಮಾಡಿದ ಭಾನುವಾರ...
ಟೀ ನನ್ನದು.
ಪ್ಲಾಸ್ಟಿಕ್ ಬೇಡ, ಪೇಪರೂ ಬೇಡ ಅಂತ ಲೇಔಟ್‌ನೋರಿಗೆಲ್ಲ ಸ್ಟೀಲ್ ಲೋಟ ಕೊಟ್ಟೆ.
ನರಸಮ್ಮನಿಗೆ, ಅವಳ ಜೊತೆ ಕಾಲೋನಿಯಿಂದ ಬಂದ ಹೆಂಗಸರಿಗೆ ಪೇಪರ್ ಕಪ್ಪು.
ಕೈ ತಾನಾಗೇ ಹಂಗೆ ಹಂಚ್ತು...
ಅವರ ಲೋಟ ಬೇರೆ ಅಂತ ಊರಲ್ಲಿ ಚಿಕ್ಕಂದಿನಿಂದ ಕಲಿತ ಕೈ.

ಅವಳು ಕಪ್ಪು ಎತ್ತಿ ಹಿಡಿದ್ಲು.
"ಅಮ್ಮೋರೇ, ನಿಮ್ಮ ಪರಿಸರ ನಿಮ್ಮ ಜಾತಿ ತನಕ ಮಾತ್ರಾನಾ? ಇದನ್ನ ನಾಳೆ ಆಯೋದೂ ನಾವೇ!"
ಎಲ್ಲ ಚಪ್ಪಾಳೆ.
ನನ್ನ ಟೀ ಕುಡಿದೋರೇ ಹೊಡೆದ್ರು!

ಅವತ್ತಿಂದ ಎಲ್ಲ ಮೀಟಿಂಗಲ್ಲೂ ಮೈಕ್ ಅವಳಿಗೆ.
ನಾನು ಹಿಂದಿನ ಚೇರಲ್ಲಿ ಕೂತು ಉರ್ಕೊಂಡೆ.

ನರಸಮ್ಮಾ...
ಮೈಕಲ್ಲಿ ನೀನು ಮೊದಲು ಕೇಳಿದ್ದಕ್ಕೆ ನಮ್ಮಲ್ಲಿ ಒಬ್ರೂ ಉತ್ತರ ಕೊಡಲಿಲ್ಲ ಕಣೇ.
"ಕೆರೆಯಿಂದ ಎತ್ತಿದ ಕೊಳಕನ್ನೆಲ್ಲ ನಮ್ಮ ಬೀದಿ ಪಕ್ಕ ಯಾಕೆ ಸುರಿಸಿದ್ರಿ?"
ನಾವು ಕೆರೆ ಸುತ್ತ ವಾಕಿಂಗ್ ಹೋದ್ವಿ.
ನೀನು ಆ ಗುಡ್ಡೆ ಪಕ್ಕ ಕೆಮ್ಮಿ ಕೆಮ್ಮಿ...
ಬೀಡಿ ಮುಟ್ಟದೋಳಿಗೆ ಎದೆ ಪೂರ್ತಿ ಕೆಟ್ಟಿದೆ ಅಂದ್ರಂತೆ ಡಾಕ್ಟ್ರು.

ತಪ್ಪಾಯ್ತು ಅನ್ನೋದು ಎಷ್ಟೋ ಸಲ ಬಾಯಿಗೆ ಬಂತು.
ಹೇಳಿದ್ರೆ ನೀನು ಇನ್ನೂ ಮೇಲಾಗ್ತೀಯ ಅಂತ ನುಂಗ್ಕೊಂಡೆ.

ಈಗ ನಿನ್ನ ಮನೆ ಹತ್ರ ಹೋಗಿ ಬಂದೆ.
ಬೀದಿ ತುಂಬ ಜನ... ನಾನು ಸತ್ರೆ ಇಷ್ಟು ಜನ ಬರಲ್ಲ.
ಅದಕ್ಕೂ ಹೊಟ್ಟೆ ಉರೀತು, ಏನು ಮಾಡ್ಲಿ!
ನಿನ್ನ ಮಗಳು "ಏನಮ್ಮೋರೇ?" ಅಂದ್ಲು.
"ಏನಿಲ್ಲ" ಅಂತ ಹೊರಟು ಬಂದೆ.

ಅದಕ್ಕೆ ಇಲ್ಲಿ, ಲೇಔಟ್‌ನೋರೆಲ್ಲ ಓದೋ ಹಾಗೆ ಬರೀತಿದೀನಿ.
ತಪ್ಪಾಯ್ತು ನರಸಮ್ಮ.
ನಾಳೆ ನಿನ್ನ ಮಗಳ ಮುಖ ನೋಡಿ ಹೇಳ್ತೀನಿ.
ಆ ಗುಡ್ಡೆ ತೆಗೆಸೋ ಅರ್ಜಿ ಅವಳು ಬರೀಲಿ... ನಾನು ಸಹಿ ಹಾಕ್ತೀನಿ.

ಹೋಗಿ ಬಾ ತಾಯಿ...
ನಮ್ಮ ಲೇಔಟ್‌ನೋರು ಯಾರೂ ಇಲ್ಲದ ಕಡೆ ನಿನ್ನ ಆತ್ಮಕ್ಕೆ ನೆಮ್ಮದಿ ಸಿಗಲಿ.