ಯಾರಿಗೂ ಹೇಳಿಲ್ವಂತೆ

ಯಲಹಂಕದ ನಮ್ಮ ಮನೆಯಲ್ಲಿ ಕೆಳಗೆ ನಾವಿದ್ದೆವು, ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುತ್ತಿದ್ದೆವು. ಆ ವರ್ಷ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಬ್ಯೂಟಿ ಪಾರ್ಲರ್ ಕೆಲಸ ಕಲಿಸುತ್ತೇನೆ, ಮೂವರು ಹುಡುಗಿಯರು ಜೊತೆಗಿರುತ್ತಾರೆ ಎಂದಳು. ಹಬ್ಬ ಬಂದರೆ ನನ್ನ ಅತ್ತೆಗೆ ಹೂವು ತಂದುಕೊಡುತ್ತಿದ್ದಳು. ಮೆಟ್ಟಿಲು ಹತ್ತಿ ಹೋಗುವ ಗಂಡಸರನ್ನು ನಾವು ನೋಡಲಿಲ್ಲವೆಂದಲ್ಲ. ನೋಡಿದ್ದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಒಂದು ಮಧ್ಯಾಹ್ನ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಆ ಹುಡುಗಿಯರಲ್ಲಿ ತೀರಾ ಚಿಕ್ಕವಳು ಬಕೆಟ್ ಹಿಡಿದು ಬಂದಳು. ಅದು ಕೈಜಾರಿ ಒಗೆದ ಬಟ್ಟೆಯೆಲ್ಲ ಮಣ್ಣಾದಾಗ ಬಂಗಾಳಿಯಲ್ಲಿ ತನ್ನನ್ನೇ ಬೈದುಕೊಂಡಳು. ನನ್ನ ಅಪ್ಪ ವಾಯುಪಡೆಯಲ್ಲಿದ್ದವರು. ಏಳನೇ ತರಗತಿಯವರೆಗೆ ನಾನು ಓದಿದ್ದು ಬಂಗಾಳದಲ್ಲೇ. "ಪರವಾಗಿಲ್ಲ, ನಲ್ಲಿ ಇಲ್ಲೇ ಇದೆ" ಎಂದು ಅವಳ ಭಾಷೆಯಲ್ಲೇ ಹೇಳಿದೆ.

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು ಒಂದೇ ಉಸಿರಿಗೆ ಎಲ್ಲ ಹೇಳಿದಳು. ವಯಸ್ಸು ಹದಿನೇಳು. ಪಾರ್ಲರ್ ಕೆಲಸವೆಂದು ನಂಬಿಸಿ ಸೋದರಮಾವನೇ ಕರೆತಂದು ಈ ಹೆಂಗಸಿಗೆ ಮಾರಿ ಹೋಗಿದ್ದ. ಆಧಾರ್ ಕಾರ್ಡಿನಲ್ಲಿ ಇಪ್ಪತ್ತು ಎಂದು ಮಾಡಿಸಿದ್ದರು. "ದಿದಿ, ಪೊಲೀಸರಿಗೆ ಹೇಳು. ನಿನಗೆ ಇಲ್ಲಿಯ ಮಾತು ಬರುತ್ತದೆ" ಎಂದಳು. ದಿದಿ ಎಂದರೆ ಅಕ್ಕ. ಹೇಳುತ್ತೇನೆ ಎಂದೆ.

ಸಂಜೆ ಗಂಡನಿಗೆ ತಿಳಿಸಿದೆ.

"ಸುಮ್ನಿರು," ಎಂದರು. "ಗೊತ್ತಿದ್ದೂ ಬಾಡಿಗೆಗೆ ಇಟ್ಕೊಂಡಿದ್ರು ಅಂತ ನಮ್ಮೇಲೇ ಕೇಸ್ ಹಾಕ್ತಾರೆ. ಮನೆಗೆ ಬೀಗ ಜಡೀತಾರೆ. ಎರಡು ತಿಂಗ್ಳಲ್ಲಿ ಅಗ್ರಿಮೆಂಟ್ ಮುಗಿಯತ್ತೆ, ಆಗ ಖಾಲಿ ಮಾಡ್ಸೋಣ."

"ಅಲ್ಲೀವರ್ಗೂ ಆ ಮಗು?"

"ನಿನ್ ಮಕ್ಳ ಬಗ್ಗೆ ಯೋಚ್ನೆ ಮಾಡು."

ಮಾಡಿದೆ. ಮರುದಿನದಿಂದ ಬಟ್ಟೆಯನ್ನು ಮನೆ ಮುಂದೆ ಒಣಹಾಕತೊಡಗಿದೆ.

ತಿಂಗಳೊಳಗೆ ಬೇರೆ ಯಾರೋ ದೂರು ಕೊಟ್ಟರು. ಒಂದು ಬೆಳಿಗ್ಗೆ ಪೊಲೀಸರು ಬಂದು ಮೇಲಿನ ಮನೆಯವರನ್ನೆಲ್ಲ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ನನಗೂ ಕರೆ ಬಂತು. ಸ್ಟೇಷನ್ನಿನಲ್ಲಿ ಬಂಗಾಳಿ ಬಲ್ಲವರು ಬೇಕಾಗಿತ್ತು, ಬೀದಿಯವರು ನನ್ನನ್ನು ತೋರಿಸಿದ್ದರು. ಮನೆ ಮಾಲೀಕನ ಹೆಂಡತಿಯನ್ನೇ ಆ ಕೆಲಸಕ್ಕೆ ಕೂರಿಸಬಾರದೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಹಿಳಾ ಎಸ್‌ಐ ಒಳ್ಳೆಯವರೇ. ಹುಡುಗಿಗೆ ಇಡ್ಲಿ ತರಿಸಿಕೊಟ್ಟಿದ್ದರು. ಹೆಸರು, ಊರು ಕೇಳಿದ ಮೇಲೆ, "ಮನೆ ಓನರ್‌ಗೆ ಈ ವಿಷ್ಯ ಗೊತ್ತಿತ್ತಾ? ಯಾರಿಗಾದ್ರೂ ಹೇಳಿದ್ಲಾ? ಕೇಳಿ" ಎಂದರು. ಕೇಳಿದೆ.

"ನಿನಗೇ ಹೇಳಿದ್ದೆನಲ್ಲ ದಿದಿ," ಎಂದಳು ಹುಡುಗಿ. "ಅವರಿಗೆ ಹೇಳಿಬಿಡು."

"ಯಾರಿಗೂ ಹೇಳಿಲ್ವಂತೆ ಮೇಡಂ," ಎಂದೆ ನಾನು.

ಇಲ್ಲಿಗೆ ಬಂದ ಎಂಟು ತಿಂಗಳಲ್ಲಿ ಅಷ್ಟು ಕನ್ನಡ ಅವಳಿಗೆ ಬಂದಿತ್ತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಆಗಲಿ ದಿದಿ" ಎಂದಳು. ಅಲ್ಲಿಂದ ಮುಂದೆ ಬಾಯಿ ಬಿಡಲಿಲ್ಲ. ಇಲ್ಲಿಗೆ ಕರೆತಂದವರು ಯಾರು, ನಿಜವಾದ ವಯಸ್ಸೆಷ್ಟು ಎಂದು ಕೇಳಿ ಕೇಳಿ ಎಸ್‌ಐ ಸೋತರು. ಎರಡಕ್ಕೂ ಉತ್ತರ ನನಗೆ ಗೊತ್ತಿತ್ತು. ಹೇಳಿದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಕೊನೆಗೆ ಆಧಾರ್ ನೋಡಿ ಇಪ್ಪತ್ತು ಎಂದು ಬರೆದುಕೊಂಡರು. ಕರೆತಂದವನ ಜಾಗ ಖಾಲಿ ಉಳಿಯಿತು.

ಹುಡುಗಿಯನ್ನು ರಕ್ಷಣೆಗೆಂದು ಮಹಿಳಾ ನಿಲಯಕ್ಕೆ ಕಳಿಸಿದರು. ಅಲ್ಲಿ ಗೇಟಿಗೆ ಹೊರಗಿನಿಂದಲೇ ಬೀಗ. ಮೇಲಿನ ಮನೆಯ ಹೆಂಗಸು ಹದಿನೈದು ದಿನಕ್ಕೆಲ್ಲ ಜಾಮೀನಿನ ಮೇಲೆ ಹೊರಬಂದು, ಮಂಚ, ಮಿಕ್ಸಿ ಎಲ್ಲ ಸಾಗಿಸಿಕೊಂಡು ಹೋದಳು. ಹೋಗುವ ಮುನ್ನ ಅತ್ತೆಯ ಕಾಲಿಗೆ ನಮಸ್ಕರಿಸಿದಳು. ಅತ್ತೆ ಕುಂಕುಮ ಕೊಟ್ಟರು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಎಸ್‌ಐ ಫೋನ್ ಮಾಡಿದರು. "ಆ ಹುಡ್ಗೀನ ಇವತ್ ಬೆಳಿಗ್ಗೆ ಅವ್ರ ಮನೆಯವ್ರು ಕರ್ಕೊಂಡ್ ಹೋದ್ರು. ನಿಮಗೂ ತಿಳಿಸೋಣ ಅನ್ನಿಸ್ತು."

"ಯಾರ್ ಬಂದಿದ್ರು ಮೇಡಂ?"

"ಸೋದರಮಾವ. ತಾಯಿ ಸಹಿ, ಪಂಚಾಯ್ತಿ ಪತ್ರ ಎಲ್ಲಾ ತಂದಿದ್ರು. ಪಾಪ, ಕಣ್ಣಲ್ಲಿ ನೀರ್ ಹಾಕ್ಕೊಂಡ್ರು."

"ಅವ್ಳು ಏನೂ ಅನ್ಲಿಲ್ವಾ?"

"ಹೋಗ್ತೀಯಾ ಅಂದಿದ್ದಕ್ಕೆ ತಲೆ ಆಡ್ಸಿದ್ಲಂತೆ."

ಆಗಲೂ ಹೇಳಬಹುದಿತ್ತು. ಅವರ ರೈಲು ಇನ್ನೂ ಆಂಧ್ರವನ್ನು ದಾಟಿರಲಿಲ್ಲ. "ಒಳ್ಳೇದಾಯ್ತು ಮೇಡಂ" ಎಂದು ಫೋನ್ ಇಟ್ಟೆ. ಆಮೇಲೆ ಮಕ್ಕಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ. ಅವಳ ಸುದ್ದಿ ಮತ್ತೆ ಬರಲಿಲ್ಲ. ನಾನೂ ಕೇಳಲಿಲ್ಲ.

ಈಚೆಗೆ ಬ್ಯಾಟರಾಯನಪುರದ ಮಹಿಳಾ ಸಂಘವೊಂದಕ್ಕೆ ವಕೀಲೆಯೊಬ್ಬರು ಮಾತಾಡಲು ಬಂದಿದ್ದರು. "ಈ ಕಾನೂನು ಬದಲಾಗ್ಬೇಕು," ಎಂದರು. "ಬಿಡಿಸ್ಕೊಂಡು ಬಂದ ಹೆಣ್ಮಗಳನ್ನ ಕೂಡಿ ಹಾಕೋದು ರಕ್ಷಣೆ ಅಲ್ಲ. ಅವಳ ಭಾಷೆ ಬರೋರು, ಅವಳ ಪರವಾಗಿರೋರು ಒಬ್ರು ಪಕ್ಕದಲ್ಲಿ ಕೂತಿರ್ಬೇಕು. ಕಳಿಸೋ ಮುಂಚೆ ಕರ್ಕೊಂಡು ಹೋಗೋರು ಯಾರು ಅಂತ ಸರಿಯಾಗಿ ವಿಚಾರಿಸ್ಬೇಕು."

ಪಕ್ಕದಲ್ಲಿದ್ದ ನಮ್ಮ ಬೀದಿಯ ಹೆಂಗಸು ಎದ್ದು ನಿಂತು, "ಇವ್ರು ಸ್ಟೇಷನ್‌ಗೇ ಹೋಗಿ ಅಂಥಾ ಹುಡ್ಗಿಗೆ ಸಹಾಯ ಮಾಡಿದ್ರು ಮೇಡಂ" ಎಂದು ನನ್ನತ್ತ ಕೈ ತೋರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ವಕೀಲೆ ಸಂತೋಷದಿಂದ ಹತ್ತಿರ ಬಂದು, ಮುಂದೆ ಇಂಥ ಹುಡುಗಿಯರು ಸಿಕ್ಕಾಗ ಕರೆಯುತ್ತೇನೆ, ಬರುತ್ತೀರಾ ಎಂದು ನನ್ನ ಫೋನ್ ನಂಬರ್ ಕೇಳಿದರು.

ಕೊಟ್ಟೆ.